ಹಪ್ಪಳದ ಬಿಸಿಲು, ಮೊಮ್ಮಕ್ಕಳ ರಜೆ

ಬೆಳಗಿನ ಒಂಬತ್ತಕ್ಕೇ ಅಂಗಳ ಕಾಲು ಸುಡುತ್ತಿರುತ್ತದೆ. ಒಂದು ಮೂಲೆಯಲ್ಲಿ ಸುಲಿಯಲು ಬಾಕಿ ಉಳಿದ ಅಡಿಕೆಯ ಸಿಪ್ಪೆಗೋಟು. ಉಳಿದ ಜಾಗದ ತುಂಬ ಚಾಪೆ, ಚಾಪೆಯ ಮೇಲೆ ಸಾಲುಸಾಲು ಹಲಸಿನ ಹಪ್ಪಳ. ಜಗಲಿಯ ತುದಿಯಲ್ಲಿ ಬೆಂಗಳೂರಿನಿಂದ ಬಂದ ಮೊಮ್ಮಗ ಕೋಲು ಹಿಡಿದು ಕೂತಿದ್ದಾನೆ. ಕಣ್ಣು ಕಾಗೆಯ ಮೇಲಿಲ್ಲ, ಮಡಿಲಲ್ಲಿ ಬಚ್ಚಿಟ್ಟ ಮೊಬೈಲಿನ ಮೇಲಿದೆ. ಒಳಗೆ ಒರಳಿನ ಸದ್ದು. "ತಮಾ, ಕಾಕೆ ಬಂತು, ಓಡ್ಸು!" ಎಂದು ಅಜ್ಜಿ ಅಡುಗೆಮನೆಯಿಂದ ಕೂಗುವ ಹೊತ್ತಿಗೆ ಕಾಗೆ ಅರ್ಧ ಹಪ್ಪಳ ಕಚ್ಚಿಕೊಂಡು ಮುರುಗಲ ಮರ ಸೇರಿರುತ್ತದೆ.

ಏಪ್ರಿಲ್ ಕೊನೆಗೆ ಶಿರಸಿ, ಸಿದ್ದಾಪುರ, ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಕಾಣುವ ನೋಟ ಇದು. ಅಜ್ಜನಮನೆಯ ರಜೆಯ ಬಗ್ಗೆ ನಮ್ಮಲ್ಲಿ ನೆನಪಿನ ಬರಹಗಳಿಗೆ ಬರವಿಲ್ಲ. ಮಾವಿನ ಮರ, ಜೋಕಾಲಿ, ಹೊಳೆಯ ಈಜು, ರಾತ್ರಿಯ ಕತೆ ಎಲ್ಲ ಅದರಲ್ಲಿ ಬರುತ್ತವೆ. ಆದರೆ ಒಂದೂವರೆ ತಿಂಗಳು ಹತ್ತು ಹದಿನೈದು ಮಕ್ಕಳನ್ನು ಒಂದು ಮನೆ ಹೇಗೆ ಸಾಕುತ್ತಿತ್ತು, ಆ ಮಕ್ಕಳಿಗೆ ಬೇಜಾರು ಯಾಕೆ ಬರುತ್ತಿರಲಿಲ್ಲ ಎಂಬುದನ್ನು ಆ ಬರಹಗಳು ಹೇಳುವುದು ಕಡಿಮೆ. ಮನೆಗೆ ಆ ಮಕ್ಕಳು ಬೇಕಾಗಿದ್ದರು ಎಂಬುದೇ ಅದಕ್ಕೆ ಉತ್ತರ. ಪ್ರೀತಿಗಾಗಿ ಬೇಕಾಗಿದ್ದರು, ಕೆಲಸಕ್ಕೂ ಬೇಕಾಗಿದ್ದರು.

ಎರಡು ಪಂಚಾಂಗಗಳು ಕೂಡುವ ಹೊತ್ತು

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಇತ್ತೀಚಿನ ವರ್ಷಗಳಲ್ಲಿ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ. ಇದನ್ನು ರೈತರ ಮಳೆ ನಕ್ಷತ್ರಗಳ ಪಕ್ಕದಲ್ಲಿಟ್ಟು ನೋಡಿ. ಅಶ್ವಿನಿ ಹುಟ್ಟುವುದು ಏಪ್ರಿಲ್ ಮಧ್ಯದಲ್ಲಿ. ಕೊನೆಯ ವಾರದಲ್ಲಿ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ, 25ರ ಹೊತ್ತಿಗೆ ರೋಹಿಣಿ. ಅಶ್ವಿನಿ ಹುಟ್ಟುವ ಹೊತ್ತಿಗೆ ಶಾಲೆಗೆ ಬಾಗಿಲು ಬೀಳುತ್ತದೆ, ರೋಹಿಣಿ ಕಾಲಿಟ್ಟ ಮೇಲೆ ತೆರೆಯುತ್ತದೆ. ನಡುವಿನ ಮೂರು ನಕ್ಷತ್ರಗಳಲ್ಲಿ ಮಳೆ ಬಂದರೂ ಬಂದು ಹೋಗುವ ಮಳೆ. ಬಿಸಿಲು ಮಾತ್ರ ಖಾತ್ರಿ.

ಮಲೆನಾಡಿಗೆ ಈ ಬಿಸಿಲು ಎಷ್ಟು ಮುಖ್ಯ ಎಂಬುದು ಬಯಲಿನವರಿಗೆ ಬೇಗ ಹೊಳೆಯುವುದಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರ್ ಆಸುಪಾಸು. ಆಗುಂಬೆಯ ಸರಾಸರಿ 7,000 ದಾಟುತ್ತದೆ. ಜೂನ್ ಮೊದಲ ವಾರ ಹಿಡಿದ ಮಳೆ ಬಿಡುವುದು ಸೆಪ್ಟೆಂಬರಿಗೆ. ಆ ನಾಲ್ಕು ತಿಂಗಳು ಬಟ್ಟೆಯೂ ಒಣಗದ ಊರಿನಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮೆಣಸು, ಒಣಗಿದ ಕಟ್ಟಿಗೆ, ಕೊಟ್ಟಿಗೆಗೆ ಹಾಸುವ ಒಣ ಎಲೆ ಎಲ್ಲವೂ ಮೇ ಮುಗಿಯುವುದರೊಳಗೆ ಮನೆಯೊಳಗೆ ಸೇರಿರಬೇಕು. ಅಡಿಕೆ ಕೊಯ್ಲು ಫೆಬ್ರುವರಿ–ಮಾರ್ಚಿಗೇ ಮುಗಿದಿರುತ್ತದೆ, ತೋಟದಲ್ಲಿ ತುಸು ಬಿಡುವು. ಆ ಹೊತ್ತಿಗೆ ಕೆಲಸವೆಲ್ಲ ಅಂಗಳಕ್ಕೂ ಅಡುಗೆಮನೆಗೂ ಬಂದು ಬಿದ್ದಿರುತ್ತದೆ. ಅದೆಲ್ಲ ಹೆಚ್ಚು ಬಲ ಬೇಡದ, ಹೆಚ್ಚು ಕೈ ಬೇಡುವ ಕೆಲಸ. ಸರಿಯಾಗಿ ಆಗಲೇ ಮಕ್ಕಳು ಬಸ್ಸಿಳಿಯುತ್ತಾರೆ.

ಬಯಲುಸೀಮೆಯ ಅಜ್ಜನಮನೆಯ ಲೆಕ್ಕ ಬೇರೆ. ವಿಜಯಪುರ, ಕಲಬುರಗಿ ಕಡೆ ಉಷ್ಣಾಂಶ ನಲವತ್ತು ದಾಟಿದಾಗ ಹೊಲದಲ್ಲಿ ಬೆಳೆಯಿರುವುದಿಲ್ಲ. ಅಲ್ಲಿನ ರಜೆ ಜಾತ್ರೆ, ಮದುವೆ, ಮಾಳಿಗೆಯ ಮೇಲಿನ ರಾತ್ರಿ ನಿದ್ದೆಯ ರಜೆ. ಅದಕ್ಕೆ ಅದರದೇ ಸೊಗಸು ಉಂಟು. ಈ ಲೇಖನ ಮಲೆನಾಡಿನಲ್ಲೇ ನಿಲ್ಲುತ್ತದೆ.

ಹಲಸು ಬಿಡಿಸುವ ದಿನ

ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ಕೆಲಸ ಮಕ್ಕಳಿಗೆ ಸಿಗುವುದಿಲ್ಲ. ಹೊಳೆಯಂಚಿನ ಮರಗಳಿಂದ ತೊಟ್ಟು ಮುರಿಯದಂತೆ, ನೆಲಕ್ಕೆ ಬಿದ್ದು ಪೆಟ್ಟಾಗದಂತೆ ಮಿಡಿ ಇಳಿಸುವ ಕೆಲಸ ಬಹುಮಟ್ಟಿಗೆ ಅವರು ಬರುವ ಮುಂಚೆಯೇ ಮುಗಿದಿರುತ್ತದೆ. ಅವರು ಬಂದಾಗ ಮಿಡಿ ಉಪ್ಪುನೀರಿನಲ್ಲಿ ಸುರುಟುತ್ತಾ ಕೂತಿರುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಮಿಡಿಯ ಭರಣಿಗೆ ಒದ್ದೆ ಕೈ ಹಾಕಿದರೆ ಆಗುವ ರಂಪ ಮಾತ್ರ ಅವರ ಪಾಲಿಗೆ.

ಹಲಸಿನ ಹಪ್ಪಳ ಹಾಗಲ್ಲ. ಅದು ಇಡೀ ಮನೆಯ ಕೆಲಸ. ಕಾಯಿ ಚೆನ್ನಾಗಿ ಬೆಳೆದಿರಬೇಕು, ಹಣ್ಣಾಗಿರಬಾರದು. ಮುಳ್ಳು ಅಗಲವಾಗಿ ಚಪ್ಪಟೆಯಾಗಿದೆಯೇ ಎಂದು ನೋಡಿ, ಬಡಿದು ಸದ್ದು ಕೇಳಿ ಅಜ್ಜ ಆರಿಸುತ್ತಾನೆ. ಒಂದು ದಿನ ತಡವಾದರೂ ತೊಳೆಗೆ ಸಿಹಿ ಇಳಿದು, ಕರಿದಾಗ ಹಪ್ಪಳ ಕೆಂಪಗಾಗುತ್ತದೆ. ಹಗ್ಗ ಕಟ್ಟಿ ಇಳಿಸಿದ ಕಾಯನ್ನು ಗೋಣಿಯ ಮೇಲಿಟ್ಟು ಸೀಳುವಾಗ ಕತ್ತಿಗೂ ಕೈಗೂ ತೆಂಗಿನೆಣ್ಣೆ. ಆದರೂ ಮೇಣ ಅಂಟದೆ ಬಿಡುವುದಿಲ್ಲ. ಮಕ್ಕಳ ಕೂದಲಿಗಂತೂ ಅಂಟಿಯೇ ಅಂಟುತ್ತದೆ.

ಇಲ್ಲಿಂದ ಕೆಲಸ ವಯಸ್ಸಿನ ಪ್ರಕಾರ ಹಂಚಿಹೋಗುತ್ತದೆ. ಸಾರೆಯ ನಡುವಿನಿಂದ ತೊಳೆ ಬಿಡಿಸುವುದು ಹತ್ತು ದಾಟಿದವರಿಗೆ. ತೊಳೆಯಿಂದ ಬೇಳೆ ತೆಗೆದು ಬೇರೆ ಬುಟ್ಟಿಗೆ ಹಾಕುವುದು ಸಣ್ಣವರಿಗೆ. ಆ ಬೇಳೆಯೂ ದಂಡವಾಗುವುದಿಲ್ಲ, ಮಳೆಗಾಲದ ಸಾಂಬಾರಿಗೆ ಬೇಕು. ತೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಸೇರಿಸಿ ಒರಳಿನಲ್ಲಿ ಕುಟ್ಟಬೇಕು. ಅದು ದೊಡ್ಡವರ ತೋಳಿನ ಕೆಲಸ; ಈಗ ಬಹುತೇಕ ಮನೆಗಳಲ್ಲಿ ಯಂತ್ರದ್ದು. ಹಿಟ್ಟು ಉಂಡೆ ಕಟ್ಟುವುದು ಮತ್ತೆ ಮಕ್ಕಳಿಗೆ. ಉಂಡೆಯನ್ನು ಎರಡು ಬಾಳೆ ಎಲೆಯ ನಡುವೆ, ಈಚೆಗೆ ಪ್ಲಾಸ್ಟಿಕ್ ಹಾಳೆಯ ನಡುವೆ, ಇಟ್ಟು ಮಣೆಯಿಂದ ಒತ್ತಿದರೆ ಹಪ್ಪಳ. ಒತ್ತಲು ಸಿಗುವುದು ಬಡ್ತಿ. ಅದು ಯಾರಿಗೆ, ಯಾವ ವರ್ಷ ಸಿಕ್ಕಿತು ಎಂಬುದರ ಮೇಲೆ ಅಣ್ಣ ತಂಗಿಯರ ಜಗಳ ಬಹಳ ಕಾಲ ಉಳಿಯುತ್ತದೆ.

ಒಣಗಲು ಎರಡು ಮೂರು ಬಿಸಿಲು ಬೇಕು. ಮೊದಲ ದಿನ ಸಂಜೆ ಚಾಪೆಯಿಂದ ಎಬ್ಬಿಸಿ ಮಗುಚುವುದು, ಮೋಡ ಕಟ್ಟಿದರೆ ಓಡಿಹೋಗಿ ಒಳಗೆ ತರುವುದು, ಕಾಗೆ ಮತ್ತು ಕರು ಕಾಯುವುದು. ಕಾವಲಿಗೆ ಸಂಬಳವಾಗಿ ಅರೆಒಣಗಿದ ಹಪ್ಪಳ. ಅದಕ್ಕೆ ಹಸಿ ತೆಂಗಿನಕಾಯಿ ನಂಚಿಕೊಂಡು ತಿಂದವರಿಗೆ ಕರಿದ ಹಪ್ಪಳ ಸಪ್ಪೆ ಅನ್ನಿಸುತ್ತದೆ. ಕಾವಲುಗಾರರೇ ಕಾಗೆಗಿಂತ ಹೆಚ್ಚು ಮುಗಿಸುತ್ತಾರೆ ಎಂದು ಅಜ್ಜಿಗೆ ಗೊತ್ತಿದೆ, ಆ ಲೆಕ್ಕ ಹಿಡಿದೇ ಇನ್ನೊಂದು ಕಾಯಿ ಹೆಚ್ಚು ಕೊಯ್ಸಿರುತ್ತಾಳೆ.

ತೋಟ, ಬೆಟ್ಟ, ಹಾಳೆ

ಅಂಗಳದಾಚೆಯ ಕೆಲಸ ಅಜ್ಜನದು. ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ನೀರು ಬೇಕು, ನೀರೆತ್ತಲು ತ್ರೀ ಫೇಸ್ ವಿದ್ಯುತ್ ಬೇಕು. ಅದು ಬರುವುದು ದಿನಕ್ಕೆ ಕೆಲವೇ ತಾಸು, ಎಷ್ಟೋ ಸಲ ರಾತ್ರಿ. ಮೋಟಾರು ಹಾಕಲು ಹೊರಟ ಅಜ್ಜನ ಮುಂದೆ ಟಾರ್ಚು ಹಿಡಿದು ನಡೆಯುವುದು, ಹಗಲಾದರೆ ಈ ಗೇಟ್‌ವಾಲ್ವ್ ಮುಚ್ಚಿ ಆ ಗೇಟ್‌ವಾಲ್ವ್ ತಿರುಗಿಸುವುದು ಎಂಟು ವರ್ಷದ ಹುಡುಗಿಗೆ ದೊಡ್ಡ ಅಧಿಕಾರ.

ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟ ಎಂಬ ಬಾಲಂಗೋಚಿ ಉಂಟು. ಬ್ರಿಟಿಷರ ಕಾಲದಲ್ಲಿ ಗೊತ್ತುಮಾಡಿದ ಪ್ರಕಾರ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ. ನೆಲ ಸರ್ಕಾರದ್ದು, ಸೊಪ್ಪು ಮತ್ತು ಒಣ ಎಲೆ ತರುವ ಹಕ್ಕು ತೋಟದವರದು. ಬೇಸಿಗೆಯಲ್ಲಿ ಅಲ್ಲಿಂದ ದರಕು ಗುಡಿಸಿ ತಂದು ಕೊಟ್ಟಿಗೆಗೆ ಹಾಸಿದರೆ ಅದೇ ಗೊಬ್ಬರವಾಗಿ ತೋಟಕ್ಕೆ ಮರಳುತ್ತದೆ. ಬುಟ್ಟಿಗೆ ತುಂಬಿದ ದರಕನ್ನು ತುಳಿದು ಒತ್ತುವುದು ಹಗುರ ಕಾಲಿನವರ ಕೆಲಸ. ಅದರ ಜತೆಗೆ ಕವಳಿ ಹಣ್ಣು, ಗೇರುಬೀಜ ಹೆಕ್ಕುವುದು, ಮುರುಗಲ ಸಿಪ್ಪೆ ಬಿಡಿಸಿ ಒಣಗಿಸುವುದು. ಅಂಗಡಿಗೆ ಕೊಟ್ಟ ಗೇರುಬೀಜದ ದುಡ್ಡು ಹೆಕ್ಕಿದವರಿಗೇ ಎಂಬುದು ಬಹಳ ಮನೆಗಳ ಕಟ್ಟಳೆ. ಎಷ್ಟೋ ಮಕ್ಕಳ ಮೊದಲ ಸಂಪಾದನೆ ಅದೇ.

ಬಿದ್ದ ಅಡಿಕೆ ಹಾಳೆಯ ಮೇಲೆ ಒಬ್ಬ ಕೂತು ಇನ್ನೊಬ್ಬ ಎಳೆಯುವ ಆಟ ಈಗಲೂ ಉಂಟು. ಆದರೆ ಹಾಳೆಗೂ ಬೆಲೆ ಬಂದಿದೆ. ಊಟದ ತಟ್ಟೆ ಮಾಡುವವರು ಎಣಿಸಿ ಒಯ್ಯುತ್ತಾರೆ. "ಹರಕು ಹಾಳೆ ತಗೊಳ್ಳಿ, ಒಳ್ಳೇದು ಬೇಡ" ಎಂಬ ಆಜ್ಞೆ ಹಿಂದಿನ ಮೊಮ್ಮಕ್ಕಳು ಕೇಳಿದ್ದಲ್ಲ.

ಮಕ್ಕಳನ್ನು ದೂರ ಇಡುವ ಕೆಲಸವೂ ಉಂಟು. ಮಳೆ ಹಿಡಿಯುವ ಮುನ್ನ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ ಬೋರ್ಡೋ ಮದ್ದನ್ನು ಇಲ್ಲಿ ಬಳಕೆಗೆ ತಂದರು. ನೀಲಿ ಬಣ್ಣದ ಆ ಪೀಪಾಯಿಯ ಹತ್ತಿರ ಸುಳಿದ ಮಗುವಿಗೆ ಬೈಗುಳ ಖಚಿತ.

ಕಾಯ್ದೆಯಲ್ಲಿ ಸೋದರಮಾವ ಇದ್ದಾನೆ, ಅಜ್ಜ ಇಲ್ಲ

ಇದೆಲ್ಲ ಬಾಲಕಾರ್ಮಿಕತನವೇ ಎಂದು ನಗರದ ತಂದೆ ತಾಯಿ ಕೆಲವೊಮ್ಮೆ ಅರ್ಧ ತಮಾಷೆಗೆ ಕೇಳುತ್ತಾರೆ. ಪ್ರಶ್ನೆ ತಮಾಷೆಯದಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹದಿನಾಲ್ಕರ ಒಳಗಿನ ಮಕ್ಕಳನ್ನು ದುಡಿಸಿಕೊಳ್ಳುವುದನ್ನು ನಿಷೇಧಿಸುತ್ತಲೇ ಒಂದು ಕಿಂಡಿ ಬಿಟ್ಟಿದೆ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ, ಮಗು ತನ್ನ ಕುಟುಂಬಕ್ಕೆ ನೆರವಾಗಬಹುದು. ಕುಟುಂಬ ಎಂದರೆ ಯಾರು ಎಂಬುದನ್ನೂ ಕಾಯ್ದೆ ಹೇಳುತ್ತದೆ: ತಂದೆ, ತಾಯಿ, ಒಡಹುಟ್ಟಿದವರು, ತಂದೆಯ ಮತ್ತು ತಾಯಿಯ ಒಡಹುಟ್ಟಿದವರು. ಅಜ್ಜ ಅಜ್ಜಿಯ ಹೆಸರು ಆ ಪಟ್ಟಿಯಲ್ಲಿ ಕಾಣುವುದಿಲ್ಲ! ತೋಟ ನೋಡಿಕೊಳ್ಳುವ ಸೋದರಮಾವ ಮನೆಯಲ್ಲಿದ್ದರೆ ಸರಿಹೋಯಿತು ಅನ್ನಬೇಕು.

ಈ ಕಿಂಡಿಯ ಬಗ್ಗೆ ಮಕ್ಕಳ ಹಕ್ಕಿಗಾಗಿ ದುಡಿಯುವವರ ಆಕ್ಷೇಪ ಅಂದಿನಿಂದಲೂ ಇದೆ. ಬಡವರ ಮನೆಯ ಮಕ್ಕಳನ್ನು ಕುಟುಂಬದ ಹೆಸರಿನಲ್ಲಿ ದುಡಿಸಲು ಇದು ದಾರಿಯಾಗುತ್ತದೆ ಎಂಬ ಅವರ ಮಾತಿನಲ್ಲಿ ನ್ಯಾಯವಿದೆ. ಹಪ್ಪಳ ಕಾಯುವ ಮೊಮ್ಮಗನಿಗೂ, ಅದೇ ತೋಟಕ್ಕೆ ಕೂಲಿಗೆ ಬರುವವರ ಮಗನಿಗೂ ಅಂತರ ದೊಡ್ಡದು. ಮೊಮ್ಮಗ ಮಧ್ಯಾಹ್ನ ಬೇಡವೆಂದು ಎದ್ದು ಹೋಗಬಹುದು. ಅಜ್ಜನಮನೆಯ ನೆನಪುಗಳನ್ನು ಬರೆಯುವವರು ಹೆಚ್ಚಾಗಿ ಹೀಗೆ ಎದ್ದು ಹೋಗಬಲ್ಲವರೇ.

ಅಮ್ಮನ ರಜೆ

ಮಕ್ಕಳ ರಜೆ ಎಂದು ನಾವು ಕರೆಯುವುದು ನಿಜಕ್ಕೂ ಅವರ ತಾಯಿಯ ತವರಿನ ಪಯಣ. ಮಕ್ಕಳು ಅದರ ಜತೆಗೆ ಬಂದವರು. ಹೆಣ್ಣುಮಕ್ಕಳು ತವರಿಗೆ ಬರಲು ಕಾರಣ ಬೇಕಿದ್ದ ಕಾಲದಲ್ಲಿ ಶಾಲೆಯ ರಜೆ ಯಾವ ಅತ್ತೆಯೂ ತಳ್ಳಿಹಾಕಲಾರದ ಕಾರಣವಾಗಿತ್ತು. ವಿಶ್ರಾಂತಿಗೆಂದು ಬಂದವಳು ಒರಳಿನ ಮುಂದೆ ಕೂರುತ್ತಿದ್ದಳು ಎಂಬುದು ಬೇರೆ ಮಾತು. ಅಕ್ಕ ತಂಗಿಯರು ಒಟ್ಟಿಗೆ ಕೂತರೆ ಅದು ಅವರಿಗೆ ವಿಶ್ರಾಂತಿಯೇ ಆಗುತ್ತಿತ್ತೋ ಏನೋ. ಹೊರಡುವಾಗ ಹಪ್ಪಳದ ಡಬ್ಬ, ಉಪ್ಪಿನಕಾಯಿ ಜಾಡಿ ಅವಳ ಚೀಲಕ್ಕೂ ಬೀಳುತ್ತಿತ್ತು.

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ಕಾಯ್ದೆ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ದೇಶಕ್ಕೆ 2005ರಲ್ಲಿ. ಅಂದಿನಿಂದ ರಜೆಗೆ ಬರುವ ಮಗಳು ತೋಟದ ಪಾಲುದಾರಳೂ ಹೌದು. ಬಹಳ ಮನೆಗಳಲ್ಲಿ ಇದು ಸುಸೂತ್ರವಾಗಿ ಮುಗಿದಿದೆ. ಕೆಲವೆಡೆ ಪಾಲು ಕೇಳಿದ ವರ್ಷವೇ ಮಕ್ಕಳ ಅಜ್ಜನಮನೆ ನಿಂತಿದೆ. ತವರು ಉಳಿಯಲೆಂದು ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದವರೂ ಇದ್ದಾರೆ. ಮಕ್ಕಳಿಗೆ ಕಾಣುವುದು ಮಾವಿನ ಮರ ಮಾತ್ರ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ನಂತರ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ತಾಯಿಗೂ ಮಗಳಿಗೂ ಶೂನ್ಯ ದರದ ಚೀಟಿ, ಎಂಟು ವರ್ಷದ ಮಗನಿಗೆ ಅರ್ಧ ಟಿಕೆಟ್. ಸ್ಲೀಪರ್ ಬಸ್ಸಿಗೆ ಈ ಸವಲತ್ತಿಲ್ಲ. ತವರು ದೂರವಿದ್ದು, ಕೈಯಲ್ಲಿ ದುಡ್ಡು ಕಡಿಮೆಯಿದ್ದ ಮನೆಗಳಿಗೆ ಇದು ಸಣ್ಣ ಅನುಕೂಲವಲ್ಲ.

ಉಣುಗು, ಕೆರೆ, ಕೃಷಿಹೊಂಡ

ಊರಿಗೆ ಬಂದ ಮಕ್ಕಳಿಗೆ ಹಾವಿನ ಭಯ ಎಲ್ಲರೂ ಹೇಳಿಕೊಡುತ್ತಾರೆ. ಅದಕ್ಕಿಂತ ಹೆಚ್ಚು ನೆನಪಿಡಬೇಕಾದವು ಎರಡು.

ಒಂದು, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಹರಡುವುದು ಉಣುಗಿನಿಂದ. ಅದರ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ, ಅಂದರೆ ರಜೆಯ ಬಹುಭಾಗವೂ ಅದರೊಳಗೇ ಬರುತ್ತದೆ. 2019ರ ಆಸುಪಾಸಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ಇದಕ್ಕೆ ಬಲಿಯಾದರು. ಮಂಗ ಸತ್ತು ಬಿದ್ದ ಕಡೆ ಹೋಗಬಾರದು, ಕಾಡಂಚಿನ ಒಣ ಎಲೆಯ ಮೇಲೆ ಕೂರಬಾರದು, ಹೋಗಲೇಬೇಕಾದರೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡು ಹೋಗಬೇಕು, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಮೈ ನೋಡಿಕೊಳ್ಳಬೇಕು. ಬೆಂಗಳೂರಿಗೆ ಮರಳಿದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳುವುದು ಮುಖ್ಯ. ನಗರದ ವೈದ್ಯರಿಗೆ ಈ ರೋಗ ಮೊದಲು ಹೊಳೆಯುವಂಥದ್ದಲ್ಲ.

ಇನ್ನೊಂದು, ನೀರು. ಪ್ರತಿ ಬೇಸಿಗೆಯಲ್ಲೂ ಕೆರೆ, ಹೊಳೆ, ಕೃಷಿಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಬಂದೇ ಬರುತ್ತದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಮುಖ್ಯವಾಗಿ ಬಯಲುಸೀಮೆಯಲ್ಲಿ ಹೊಂಡಗಳು ಹೆಚ್ಚಿದವು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ. ಈಜು ಬಲ್ಲವನಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಸುತ್ತ ತಂತಿಬೇಲಿ ಮತ್ತು ಒಳಗೆ ಇಳಿಬಿಟ್ಟ ಒಂದು ಗಂಟು ಹಗ್ಗ, ಎರಡೂ ದುಬಾರಿಯಲ್ಲ. ಅಪಾರ್ಟ್‌ಮೆಂಟಿನ ಕೊಳದಲ್ಲಿ ಈಜು ಕಲಿತ ಮಗು ಹೊಳೆಯನ್ನೂ ಈಜಬಲ್ಲದು ಎಂದು ನಂಬುವ ತಂದೆ ತಾಯಿಯರ ಬಗ್ಗೆ ನನಗೆ ಹೆಚ್ಚು ಹೆದರಿಕೆ.

ಹದಿನೈದು ಮೊಮ್ಮಕ್ಕಳು ಮೂರಾದಾಗ

ಅಜ್ಜನಮನೆಯ ರಜೆ ಕುಗ್ಗಿದ್ದಕ್ಕೆ ಎಲ್ಲರೂ ಬೇಸಿಗೆ ಶಿಬಿರವನ್ನೂ ಮೊಬೈಲನ್ನೂ ದೂರುತ್ತಾರೆ. ಅದು ಸುಲಭದ ದೂರು. ಪರೀಕ್ಷೆಗಳ ಪಾಲೂ ಇದೆ: ಎಸ್ಸೆಸ್ಸೆಲ್ಸಿಗೆ ಈಗ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಪಿಯುಸಿ ಮುಗಿಸಿದವರಿಗೆ ಏಪ್ರಿಲ್–ಮೇಯಲ್ಲೇ ಸಿಇಟಿ, ನೀಟ್. ಕೆಲವು ಖಾಸಗಿ ಶಾಲೆಗಳ ರಜೆಯ ಲೆಕ್ಕವೇ ಬೇರೆ. ಆದರೂ ನನ್ನ ಮಟ್ಟಿಗೆ ದೊಡ್ಡ ಕಾರಣ ಇನ್ನೂ ಸರಳವಾದದ್ದು. ಮಕ್ಕಳ ಸಂಖ್ಯೆಯೇ ಕಡಿಮೆಯಾಗಿದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992–93ರಲ್ಲಿ ಕರ್ನಾಟಕದ ಫಲವತ್ತತೆಯ ದರ, ಅಂದರೆ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳು, 2.85 ಇತ್ತು. 2019–21ಕ್ಕೆ ಅದು 1.7. ಅಜ್ಜಿಗೆ ಐದು ಮಕ್ಕಳು, ಒಬ್ಬೊಬ್ಬರಿಗೆ ಮೂರರಂತೆ ಇದ್ದ ಕಾಲದಲ್ಲಿ ಅಂಗಳದಲ್ಲಿ ಹದಿನೈದು ಮೊಮ್ಮಕ್ಕಳು. ಅಜ್ಜಿಗೆ ಇಬ್ಬರು, ಒಬ್ಬಳಿಗೆ ಒಂದು, ಇನ್ನೊಬ್ಬನಿಗೆ ಎರಡು ಎಂದಾದರೆ ಮೂರು. ಆ ಮೂವರ ರಜೆ ಒಂದೇ ವಾರ ಬರುವುದಿಲ್ಲ.

ಹದಿನೈದು ಮಕ್ಕಳಿದ್ದಾಗ ಯಾರೂ ಅವರನ್ನು ಕಾಯಬೇಕಿರಲಿಲ್ಲ. ಆರರ ಹುಡುಗನ ಮೇಲೆ ಹತ್ತರ ಅಕ್ಕನ ಕಣ್ಣು, ಅವಳ ಮೇಲೆ ಹದಿನಾಲ್ಕರ ಅಣ್ಣನ ಕಣ್ಣು. ಮನೆಯಲ್ಲಿ ಮದುವೆಯಾಗದ ಚಿಕ್ಕಪ್ಪ, ಮಾವಂದಿರು ಇರುತ್ತಿದ್ದರು. ಈಗ ಒಬ್ಬನೇ ಬಂದ ಮಗುವಿನ ಹಿಂದೆ ಓಡಬೇಕಾದವರು ಎಪ್ಪತ್ತು ದಾಟಿದ ಇಬ್ಬರು. ಅವರಿಗೂ ಮಂಡಿನೋವು. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಅದೇ ಹತ್ತು ವರ್ಷದಲ್ಲಿ ಚಿಕ್ಕಮಗಳೂರು ಜಿಲ್ಲೆಯದು ಇಳಿಯಿತು. ರಾಜ್ಯದಲ್ಲಿ ಹಾಗೆ ಇಳಿದದ್ದು ಅದೊಂದೇ ಜಿಲ್ಲೆ. ಮಲೆನಾಡಿನ ಮನೆಗಳ ಯುವಕರು ಎಲ್ಲಿಗೆ ಹೋದರೆಂದು ಬೇರೆ ಹೇಳಬೇಕಿಲ್ಲ.

ಮಗು ಒಂಟಿಯಾದಾಗ ಕೆಲಸವೂ ಆಟವಾಗುವುದಿಲ್ಲ. ನಾಲ್ಕು ದಿನಕ್ಕೆ ಬಂದ ಒಬ್ಬನಿಗಾಗಿ ಅಜ್ಜಿ ಹಲಸು ಇಳಿಸುವುದಿಲ್ಲ, ಹಪ್ಪಳ ಪೇಟೆಯಿಂದ ಬರುತ್ತದೆ. ಕೆಲಸವಿಲ್ಲದ ಮನೆಯಲ್ಲಿ ಮಗು ಅತಿಥಿ. ಅತಿಥಿಗೆ ಎರಡನೇ ದಿನಕ್ಕೇ ಬೇಜಾರು. ಇದೇ ಹೊತ್ತಿಗೆ ಹೋಂಸ್ಟೇಗಳಲ್ಲಿ ದುಡ್ಡು ಕೊಟ್ಟು ಮಕ್ಕಳಿಂದ ಸಗಣಿ ಎತ್ತಿಸುವ, ಹಾಲು ಕರೆಸುವ ಪ್ಯಾಕೇಜುಗಳು ಬಂದಿವೆ. ನಗಬೇಡಿ, ಅವು ತುಂಬಿರುತ್ತವೆ. ಅಲ್ಲಿ ಬೇರೆ ಮಕ್ಕಳು ಸಿಗುತ್ತಾರಲ್ಲ.

ಜುಲೈನಲ್ಲಿ ಬರುವವರು

ಅಮೆರಿಕದಲ್ಲೂ ಕೊಲ್ಲಿ ದೇಶಗಳಲ್ಲೂ ಇರುವ ಕನ್ನಡಿಗರ ಮಕ್ಕಳಿಗೆ ಈ ಲೆಕ್ಕ ಪೂರ್ತಿ ತಿರುಗಾಮುರುಗಾ. ಅಲ್ಲಿನ ದೊಡ್ಡ ರಜೆ ಜೂನ್–ಆಗಸ್ಟಿನದು. ಅವರ ಪಾಲಿಗೆ ಅಜ್ಜನಮನೆ ಎಂದರೆ ಕಂಬಳಿ, ಉಂಬಳ, ಹೋಗಿ ಬರುವ ಕರೆಂಟು, ಬಚ್ಚಲ ಒಲೆಯ ಹೊಗೆ. ಹಪ್ಪಳ ಆಗುವುದನ್ನು ಅವರು ಕಂಡವರಲ್ಲ, ಸುಡುವ ಹೊತ್ತಿಗೆ ಬಂದವರು. ಆಸ್ಟ್ರೇಲಿಯಾದಿಂದ ಡಿಸೆಂಬರ್–ಜನವರಿಗೆ ಬರುವವರಿಗೆ ಅಡಿಕೆ ಕೊಯ್ಲು, ಬೇಯಿಸುವ ಹಂಡೆ, ಸುಲಿಯುವವರ ರಾತ್ರಿ ಹರಟೆ. ಒಂದೇ ಮನೆಯ ಮೊಮ್ಮಕ್ಕಳು ವೀಡಿಯೊ ಕರೆಯಲ್ಲಿ ಸೇರಿದಾಗ ಒಬ್ಬೊಬ್ಬರು ಒಂದೊಂದು ಊರಿನ ಮಾತಾಡಿದಂತೆ ಕೇಳಿಸುತ್ತದೆ.

ಇದರ ನಡುವೆ ಕೆಲವು ಮನೆಗಳು ಹೊಸ ಏರ್ಪಾಡು ಕಂಡುಕೊಂಡಿವೆ. 2020ರ ನಂತರ ಮನೆಯಿಂದಲೇ ಕಚೇರಿ ಕೆಲಸ ಮಾಡುವವರು ಹೆಚ್ಚಾಗಿ, ಮಲೆನಾಡಿನ ಎಷ್ಟೋ ಮನೆಗಳಿಗೆ ಇಂಟರ್ನೆಟ್ ಕೇಬಲ್ ಬಂತು. ಮಗಳೋ ಮಗನೋ ಮಾಳಿಗೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತರೆ ಮಕ್ಕಳು ನಾಲ್ಕು ದಿನದ ಬದಲು ಮೂರು ವಾರ ಉಳಿಯುತ್ತಾರೆ. ದಾಯಾದಿಗಳ ಮಕ್ಕಳು, ನೆರೆಮನೆಯ ಮೊಮ್ಮಕ್ಕಳು ಎಲ್ಲರೂ ಒಂದೇ ಹತ್ತು ದಿನ ಬರುವಂತೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನ ಗೊತ್ತುಮಾಡುವವರೂ ಇದ್ದಾರೆ.

ಹಾಗೆ ದಿನ ಆರಿಸುವವರು ಮೇ ಕೊನೆಯ ವಾರವನ್ನು ನೆಚ್ಚಿಕೊಳ್ಳುವುದು ಬೇಡ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ವಾಡಿಕೆಗಿಂತ ಎಂಟು ದಿನ ಮೊದಲು. ಅಂಥ ವರ್ಷದಲ್ಲಿ ಕೃತ್ತಿಕೆ ಮುಗಿಯುವ ಹೊತ್ತಿಗೇ ಚಾಪೆ ಮಡಚಬೇಕಾಗುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ಹತ್ತು ದಿನ ವಾಸಿ. ಟಿಕೆಟ್ ಮಾಡುವ ಮುನ್ನ ಅಜ್ಜಿಗೆ ಒಂದು ಫೋನ್ ಮಾಡಿ, ಹಲಸು ಎಷ್ಟು ಬೆಳೆದಿದೆ ಎಂದು ಕೇಳಿಕೊಳ್ಳಿ.